ಕೇಳದೆ ಕೊಟ್ಟ ಹೂವಿನ ಬೀದಿ

ಹೋದ ತಿಂಗಳು ನಮ್ಮೂರಿನ ನಗರಸಭೆಯ ಸಾಮಾನ್ಯ ಸಭೆಯಲ್ಲಿ ಪೇಟೆಬೀದಿಯ ವಿಷಯ ಬಂತು. ಹಳೇ ಬಸ್ ಸ್ಟ್ಯಾಂಡಿನಿಂದ ದೇವಸ್ಥಾನದ ತಿರುವಿನವರೆಗೆ ವಾಹನ ಸಂಚಾರ ಬಂದ್ ಮಾಡಿ, ಗಿಡ ನೆಟ್ಟು, ಕಲ್ಲುಬೆಂಚು ಹಾಕಿ, ಜನ ಓಡಾಡುವ ಜಾಗ ಮಾಡಬೇಕು ಎಂಬ ಪ್ರಸ್ತಾವ. ವರ್ತಕರು ಗುಂಪಾಗಿ ಬಂದು ಮನವಿಪತ್ರ ಕೊಟ್ಟರು. ಅಂಗಡಿ ಮುಂದೆ ಬೈಕು ನಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬುದು ಅವರ ವಾದ. ಇಂಜಿನಿಯರ್ ಸಾಹೇಬರು ನಕಾಶೆ ಬಿಚ್ಚಿದರು. ಸದಸ್ಯರು ಎರಡು ಪಾಲಾದರು. ವಿಷಯವನ್ನು ಮುಂದಿನ ಸಭೆಗೆ ಇಡಲಾಯಿತು.

ನಾವು ಎರಡು ಕಾಲಂ ವರದಿ ಕಳಿಸಿದೆವು. ‘ಪೇಟೆಬೀದಿ ಯೋಜನೆಗೆ ವರ್ತಕರ ವಿರೋಧ’ ಎಂಬ ತಲೆಬರಹ ಬಂತು. ಮಾರನೇ ಬೆಳಿಗ್ಗೆ ಅದೇ ಬೀದಿಯಲ್ಲಿ ಹೂ ಮಾರುವ ಅಮ್ಮ ಒಬ್ಬರು ನಮ್ಮನ್ನು ತಡೆದು ಕೇಳಿದರು: “ಏನಪ್ಪಾ, ಪೇಪರಿನಲ್ಲಿ ಹಾಕಿದ್ದೀಯಂತೆ. ನಮ್ಮನ್ನ ಎಬ್ಬಿಸ್ತಾರಾ, ಬಿಡ್ತಾರಾ?” ನಮ್ಮ ಹತ್ತಿರ ಉತ್ತರ ಇರಲಿಲ್ಲ. ಏಕೆಂದರೆ ಆ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಕೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಡಿಪ್ಲೊಮಾ ಓದುವಾಗ ನಮ್ಮ ಮೇಷ್ಟ್ರು ಪದೇ ಪದೇ ಹೇಳುತ್ತಿದ್ದ ಮಾತೊಂದು ಇತ್ತು: ವರದಿಯಲ್ಲಿ ಯಾರು ಮಾತಾಡಿದರು ಅನ್ನುವುದಕ್ಕಿಂತ ಯಾರು ಮಾತಾಡಲಿಲ್ಲ ಅನ್ನುವುದನ್ನು ಮೊದಲು ನೋಡಿ. ಹತ್ತು ವರ್ಷ ಸುದ್ದಿ ಕಳಿಸಿದ ಮೇಲೂ ಅದೇ ಪಾಠದಲ್ಲಿ ನಪಾಸಾದೆವು.

ಆಮೇಲೆ, ಬೀದಿಯನ್ನು ಚೌಕ ಮಾಡುವ ಈ ವಿಚಾರ ಎಲ್ಲಿಂದ ಬಂತು ಎಂದು ಓದುತ್ತಾ ಹೋದಾಗ ಸಿಕ್ಕಿದ್ದು ದೂರದ ಒಂದು ಊರಿನ ಕತೆ. ನಗರ ಯೋಜನೆಯ ಭಾಷಣಗಳಲ್ಲಿ ಆ ಕತೆಯ ಅರ್ಧ ಭಾಗವನ್ನು ಮಾತ್ರ ಹೇಳುತ್ತಾರೆ. ಉಳಿದರ್ಧ ನಮ್ಮಂಥ ವರದಿಗಾರರಿಗೆ ಹೆಚ್ಚು ಬೇಕಾದದ್ದು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಬ್ರೆಜಿಲ್ ದೇಶದ ದಕ್ಷಿಣ ಭಾಗದಲ್ಲಿ ಪರಾನಾ ಎಂಬ ರಾಜ್ಯ ಇದೆ. ಅದರ ರಾಜಧಾನಿ ಕುರಿಟಿಬಾ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲೆ, ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟೇ ಎತ್ತರದಲ್ಲಿರುವ ಊರು. 1970ರ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಸುಮಾರು 6 ಲಕ್ಷ. ಹಳ್ಳಿಗಾಡಿನಿಂದ ಜನ ಬಂದು ತುಂಬಿಕೊಳ್ಳುತ್ತಿದ್ದರು, ಕಾರುಗಳೂ ಹೆಚ್ಚುತ್ತಿದ್ದವು.

ಆ ಊರಿನ ನಡುಪೇಟೆಯಲ್ಲಿ ಒಂದು ಬೀದಿ. ಮೊದಲು ಅದರ ಹೆಸರು ‘ರುವಾ ದಾಸ್ ಫ್ಲೋರೆಸ್’, ಅಂದರೆ ಹೂಗಳ ಬೀದಿ. 1880ರಲ್ಲಿ ಬ್ರೆಜಿಲ್‌ನ ಚಕ್ರವರ್ತಿ ಎರಡನೇ ಪೆದ್ರೊ ಮತ್ತು ಚಕ್ರವರ್ತಿನಿ ಊರಿಗೆ ಬಂದು ಹೋದರು. ಬೀದಿಗೆ ಚಕ್ರವರ್ತಿನಿಯ ಹೆಸರು ಬಿತ್ತು. 1889ರ ನವೆಂಬರ್ 15ರಂದು ಚಕ್ರಾಧಿಪತ್ಯ ಹೋಗಿ ಗಣರಾಜ್ಯ ಬಂತು. ಹೆಸರು ಮತ್ತೆ ಬದಲಾಗಿ ‘ನವೆಂಬರ್ 15ರ ಬೀದಿ’ ಆಯಿತು. ಆಳುವವರು ಬದಲಾದ ಹಾಗೆ ಬೋರ್ಡು ಬದಲಾಗುವುದು ನಮ್ಮ ಕಡೆಯ ಸರ್ಕಲ್‌ಗಳಿಗೂ ಹೊಸದಲ್ಲ. ಇಷ್ಟಾದರೂ ಅಲ್ಲಿನ ಜನ ಇಂದಿಗೂ ಅದನ್ನು ಹೂಗಳ ಬೀದಿ ಎಂದೇ ಕರೆಯುತ್ತಾರೆ. ಆ ಹೆಸರು ಉಳಿಯಲು 1972ರಲ್ಲಿ ನಡೆದದ್ದೇ ಕಾರಣ.

ಕಾರು ಹೆಚ್ಚಾದ ಎಲ್ಲ ಊರುಗಳ ಹಾಗೆ ಅಲ್ಲಿಯೂ ಮೊದಲು ಬಂದ ಆಲೋಚನೆ ರಸ್ತೆ ಅಗಲೀಕರಣದ್ದು. ಹಳೆಯ ಕಟ್ಟಡಗಳ ಮುಂಭಾಗ ಒಡೆದು ಕಾರಿಗೆ ದಾರಿ ಮಾಡುವ ಮಾತು 1960ರ ದಶಕದಲ್ಲಿ ಜೋರಾಗಿತ್ತು. ಅದನ್ನು ವಿರೋಧಿಸಿದ ಎಳೆಯ ವಾಸ್ತುಶಿಲ್ಪಿಗಳಲ್ಲಿ ಒಬ್ಬರು ಜೈಮೆ ಲರ್ನರ್. ಅದೇ ಊರಿನಲ್ಲಿ 1937ರಲ್ಲಿ ಹುಟ್ಟಿದವರು. 1965ರಲ್ಲಿ ನಗರ ಸಂಶೋಧನೆ ಮತ್ತು ಯೋಜನೆಗೆಂದೇ ಒಂದು ಸಂಸ್ಥೆ ಶುರುವಾಯಿತು. ಅದರಲ್ಲಿ ಈ ಗುಂಪಿನವರು ಸೇರಿಕೊಂಡರು. ಮರುವರ್ಷ ಊರಿಗೊಂದು ಮಾಸ್ಟರ್ ಪ್ಲಾನ್ ಬಂತು. 1971ರಲ್ಲಿ ಲರ್ನರ್ ಮೇಯರ್ ಆದರು. ಆಗ ಅವರಿಗೆ ಮೂವತ್ತಮೂರು ವರ್ಷ.

ಮುಂದಿನದು ಲರ್ನರ್ ಅವರೇ ಲೆಕ್ಕವಿಲ್ಲದಷ್ಟು ಸಲ ಹೇಳಿಕೊಂಡ ಕತೆ. ನಡುಪೇಟೆಯ ಕೆಲವು ಬ್ಲಾಕುಗಳಲ್ಲಿ ವಾಹನ ನಿಲ್ಲಿಸಿಬಿಟ್ಟು ನೆಲಕ್ಕೆ ಕಲ್ಲು ಹಾಸಿ, ಹೂಗಿಡದ ತೊಟ್ಟಿ, ದೀಪ, ಬೆಂಚು ಇಡಬೇಕು ಎಂದು ಅವರು ನಿರ್ಧರಿಸಿದರು. ಇಲಾಖೆಯವರು ತಿಂಗಳುಗಟ್ಟಲೆ ಬೇಕು ಅಂದರು. ಲರ್ನರ್ ಒಪ್ಪಲಿಲ್ಲ. ಅಂಗಡಿಯವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎಂಬ ಭಯ ಅವರಿಗಿತ್ತು. ಹಾಗಾಗಿ ಶುಕ್ರವಾರ ಸಂಜೆ, ಕೋರ್ಟ್ ಬಾಗಿಲು ಹಾಕಿದ ಮೇಲೆ ಕೆಲಸ ಶುರು ಮಾಡಬೇಕು, ಸೋಮವಾರದೊಳಗೆ ಮುಗಿಸಬೇಕು ಎಂದರು. 1972ರ ಮೇ 19, ಶುಕ್ರವಾರ ಸಂಜೆ ಕೆಲಸಗಾರರು ಬೀದಿಗೆ ಇಳಿದರು. 72 ಗಂಟೆಯಲ್ಲಿ ಟಾರು ಹೋಗಿ ಕಲ್ಲುಹಾಸು ಬಂತು.

ಮೊದಮೊದಲು ಜನ ಹೂ ಕಿತ್ತುಕೊಂಡು ಹೋದರಂತೆ. ನಗರಸಭೆಯವರು ಸುಮ್ಮನೆ ಮತ್ತೆ ನೆಟ್ಟರು. ಮತ್ತೆ ಕಿತ್ತರು, ಮತ್ತೆ ನೆಟ್ಟರು. ಕೊನೆಗೆ ಕೀಳುವುದು ನಿಂತಿತು. ಕಾರಿನವರು ಮಾತ್ರ ಸುಮ್ಮನಾಗಲಿಲ್ಲ. ಮುಂದಿನ ವಾರಾಂತ್ಯ ಗುಂಪಾಗಿ ಕಾರು ನುಗ್ಗಿಸಿ ಬೀದಿಯನ್ನು ವಾಪಸ್ ಪಡೆಯುತ್ತೇವೆ ಎಂದು ಹೊರಟರು. ನಗರಸಭೆ ಪೊಲೀಸರನ್ನು ಕರೆಯಲಿಲ್ಲ. ಬೀದಿಯುದ್ದಕ್ಕೂ ಕಾಗದ ಹಾಸಿ, ಬಣ್ಣ ಕೊಟ್ಟು, ನೂರಾರು ಮಕ್ಕಳನ್ನು ಚಿತ್ರ ಬಿಡಿಸಲು ಕೂರಿಸಿತು. ಮಕ್ಕಳ ಮೇಲೆ ಕಾರು ಹತ್ತಿಸುವವರು ಯಾರು? ಬಂದವರು ಹಿಂತಿರುಗಿದರು. ಶನಿವಾರ ಬೆಳಿಗ್ಗೆ ಮಕ್ಕಳು ಆ ಬೀದಿಯಲ್ಲಿ ಚಿತ್ರ ಬರೆಯುವ ವಾಡಿಕೆ ಅಲ್ಲಿಂದ ಬೆಳೆಯಿತು. ಮರುವರ್ಷ ಹಳೆಯ ಟ್ರಾಮ್ ಬೋಗಿಯೊಂದನ್ನು ತಂದು ಬೀದಿ ನಡುವೆ ನಿಲ್ಲಿಸಿದರು. ಅಪ್ಪ ಅಮ್ಮ ಅಂಗಡಿಗೆ ಹೋಗಿ ಬರುವವರೆಗೆ ಮಕ್ಕಳನ್ನು ಅಲ್ಲಿ ಬಿಡಬಹುದಿತ್ತು.

ವ್ಯಾಪಾರ ಕುಸಿಯುತ್ತದೆ ಎಂಬ ಭಯ ನಿಜವಾಗಲಿಲ್ಲ. ಮೊದಲು ವಿರೋಧಿಸಿದ ಅಂಗಡಿಯವರೇ ಕೆಲಸವನ್ನು ಮುಂದಿನ ಬ್ಲಾಕಿಗೂ ತನ್ನಿ ಎಂದು ಕೇಳಿದರೆಂದು ಲರ್ನರ್ ಹೇಳುತ್ತಿದ್ದರು. ಬೀದಿ ಮುಂದಕ್ಕೆ ಬೆಳೆದದ್ದಂತೂ ನಿಜ. ಬ್ರೆಜಿಲ್‌ನಲ್ಲಿ ದೊಡ್ಡ ಊರೊಂದರ ಮುಖ್ಯ ಬೀದಿಯನ್ನು ಹೀಗೆ ಪಾದಚಾರಿಗಳಿಗೆ ಬಿಟ್ಟುಕೊಟ್ಟದ್ದು ಅದೇ ಮೊದಲು. ಭಾಷಣಗಳಲ್ಲಿ ಬರುವ ಕತೆ ಇಲ್ಲಿಗೆ ಮುಗಿಯುತ್ತದೆ: ಗಟ್ಟಿ ಮನಸ್ಸಿನ ಒಬ್ಬ ಮೇಯರ್, ಮೂರು ದಿನ, ಒಂದಿಷ್ಟು ಹೂವು.

ಉಳಿದರ್ಧ ಈಗ. ಲರ್ನರ್ ಅವರನ್ನು ಮೇಯರ್ ಮಾಡಿದ್ದು ಯಾರು? ಕುರಿಟಿಬಾದ ಮತದಾರರಲ್ಲ. 1964ರಲ್ಲಿ ಬ್ರೆಜಿಲ್‌ನ ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿತ್ತು. ರಾಜ್ಯಗಳ ರಾಜಧಾನಿಗಳಿಗೆ ಮೇಯರುಗಳನ್ನು ಜನ ಆರಿಸುವ ಪದ್ಧತಿಯನ್ನು ಸೇನಾ ಆಡಳಿತ ತೆಗೆದುಹಾಕಿತು. ಗವರ್ನರ್ ನೇಮಿಸಿದವರೇ ಮೇಯರ್. ಲರ್ನರ್ ಅಂಥ ನೇಮಕದ ಮೇಯರ್, ಆಳುವ ಪಕ್ಷದವರು. 1968ರ ಡಿಸೆಂಬರ್ 13ರಂದು ಹೊರಟ ಐದನೇ ಸಾಂಸ್ಥಿಕ ಶಾಸನದಿಂದ ಸಂಸತ್ತಿಗೆ ಬೀಗ ಬಿತ್ತು. ರಾಜಕೀಯ ಆರೋಪದ ಮೇಲೆ ಹಿಡಿದವರಿಗೆ ಹೇಬಿಯಸ್ ಕಾರ್ಪಸ್ ಇಲ್ಲವಾಯಿತು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಂತು. 1973ರ ನಂತರ ಸಾವ್ ಪಾವ್ಲೊದ ‘ಓ ಎಸ್ತಾದೊ’ ಪತ್ರಿಕೆ ಸೆನ್ಸಾರ್ ಕತ್ತರಿಸಿದ ಸುದ್ದಿಯ ಜಾಗದಲ್ಲಿ ಹದಿನಾರನೇ ಶತಮಾನದ ಕವಿ ಕಮೋಯಿಶ್‌ನ ಪದ್ಯಗಳನ್ನು ಹಾಕುತ್ತಿತ್ತು. ಅದರ ಸೋದರ ಪತ್ರಿಕೆ ಅಡುಗೆ ರೆಸಿಪಿ ಹಾಕುತ್ತಿತ್ತು. ಇಲ್ಲಿ ಏನೋ ಇತ್ತು, ಕತ್ತರಿಸಿದ್ದಾರೆ ಎಂದು ಓದುಗರಿಗೆ ತಿಳಿಸುವ ಉಪಾಯ ಅದು. ನಮ್ಮಲ್ಲಿ ತುರ್ತು ಪರಿಸ್ಥಿತಿ ಹೇರಿದಾಗ, 1975ರ ಜೂನ್ ಕೊನೆಯಲ್ಲಿ, ‘ಇಂಡಿಯನ್ ಎಕ್ಸ್‌ಪ್ರೆಸ್’ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟಂತೆ.

ಅಂದರೆ ಹೂಗಳ ಬೀದಿಯ ಅಂಗಡಿಯವರು ಹೆದರಿ ಓಡಬಹುದಾಗಿದ್ದ ಒಂದೇ ಜಾಗ ಕೋರ್ಟು. ಅದರ ಬಾಗಿಲು ಮುಚ್ಚುವವರೆಗೆ ಕಾದು ಕೆಲಸ ಶುರುವಾಯಿತು. ಮುಂದಿನ ಚುನಾವಣೆಯಲ್ಲಿ ನೋಡಿಕೊಳ್ಳುತ್ತೇವೆ ಎನ್ನಲು ಚುನಾವಣೆಯೇ ಇರಲಿಲ್ಲ. ಮೂರು ದಿನದಲ್ಲಿ ಕೆಲಸ ಮುಗಿಯಲು ಲರ್ನರ್ ಅವರ ಚುರುಕುತನ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ. ‘ಅಂಥ ಗಟ್ಟಿ ಆಡಳಿತಗಾರ ನಮ್ಮಲ್ಲೂ ಬೇಕು’ ಎಂದು ನಿಟ್ಟುಸಿರು ಬಿಡುವವರು ಇದನ್ನು ನೆನಪಿನಲ್ಲಿಡಬೇಕು. ಯಾರನ್ನೂ ಕೇಳಬೇಕಿಲ್ಲದ ಅಧಿಕಾರ ಒಂದು ಕಡೆ ಹೂ ನೆಡಬಹುದು. ಅದೇ ಅಧಿಕಾರ ಇನ್ನೊಂದು ಕಡೆ ಮನೆ ಕೆಡವುತ್ತದೆ. ನಮ್ಮ ದೇಶದಲ್ಲೇ, ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲ್‌ನಲ್ಲಿ ದೆಹಲಿಯ ತುರ್ಕ್‌ಮನ್ ಗೇಟ್ ಬಳಿ ಬುಲ್ಡೋಜರ್ ನುಗ್ಗಿದಾಗ ಹೇಳಿದ ಕಾರಣವೂ ನಗರವನ್ನು ಚಂದಗಾಣಿಸುವುದೇ ಆಗಿತ್ತು. ಅಡ್ಡ ನಿಂತ ಜನರ ಮೇಲೆ ಗುಂಡು ಹಾರಿತು.

ಕೇಳದೆ ಮಾಡಿದ್ದರಿಂದಲೇ ಇಂಥ ಕೆಲಸ ಸಾಧ್ಯವಾಯಿತು, ಕೇಳಿದ್ದರೆ ಆಗುತ್ತಲೇ ಇರಲಿಲ್ಲ ಎಂಬ ವಾದವೂ ಇದೆ. ಅದಕ್ಕೆ ಉತ್ತರ ಕುರಿಟಿಬಾಕ್ಕಿಂತ ಹತ್ತು ವರ್ಷ ಮೊದಲೇ ಡೆನ್ಮಾರ್ಕ್‌ನಲ್ಲಿ ಸಿಕ್ಕಿತ್ತು. ಕೋಪನ್‌ಹೇಗನ್ ನಗರ ತನ್ನ ಪೇಟೆಯ ಸ್ಟ್ರಾಯೆಟ್ ಬೀದಿಯಲ್ಲಿ 1962ರ ನವೆಂಬರ್ 17ರಿಂದ ವಾಹನ ನಿಲ್ಲಿಸಿತು. ಸುಮಾರು 1.1 ಕಿಲೋಮೀಟರ್ ಉದ್ದದ ಬೀದಿ. ಅಲ್ಲಿಯೂ ಅಂಗಡಿಯವರು ಗಲಾಟೆ ಮಾಡಿದರು. ಈ ಚಳಿಯ ದೇಶದಲ್ಲಿ ಬೀದಿಯಲ್ಲಿ ಕೂತು ಹರಟೆ ಹೊಡೆಯಲು ನಾವೇನು ಇಟಲಿಯವರೇ ಎಂಬ ಧಾಟಿಯಲ್ಲಿ ಪತ್ರಿಕೆಗಳೂ ಬರೆದವು. ಆದರೆ ಅದನ್ನು ಪ್ರಯೋಗ ಎಂದು ಹೇಳಿಯೇ ಶುರು ಮಾಡಿದ್ದರು. ಚೆನ್ನಾಗಿ ನಡೆದ ಮೇಲೆ 1964ರಲ್ಲಿ ಕಾಯಂ ಮಾಡಿದರು. ಯಾನ್ ಗೆಲ್ ಎಂಬ ವಾಸ್ತುಶಿಲ್ಪಿ ನೋಟ್‌ಬುಕ್ ಹಿಡಿದು ಅಲ್ಲಿ ನಿಂತು, ಎಷ್ಟು ಜನ ನಡೆಯುತ್ತಾರೆ, ಎಷ್ಟು ಜನ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ವರ್ಷಗಟ್ಟಲೆ ಎಣಿಸಿದರು. ಅಲ್ಲಿಯವರೆಗೆ ನಗರಗಳು ವಾಹನಗಳನ್ನು ಮಾತ್ರ ಎಣಿಸುತ್ತಿದ್ದವು. ಲೆಕ್ಕಕ್ಕೆ ಬಾರದವರು ಯೋಜನೆಗೂ ಬರುವುದಿಲ್ಲ ಎಂಬುದು ಗೆಲ್ ಎಣಿಕೆಯಿಂದ ಗೊತ್ತಾಯಿತು.

ಈಗ ಮತ್ತೆ ಕುರಿಟಿಬಾಕ್ಕೆ. ಹೂಗಳ ಬೀದಿಯ ಒಂದು ತುದಿಯಲ್ಲಿ, ಅದರ ಮುಂದುವರಿಕೆಯಾದ ಒಂದೇ ಬ್ಲಾಕಿನ ಅಗಲ ರಸ್ತೆಯಲ್ಲಿ, ‘ಬೋಕಾ ಮಾಲ್ಡಿಟಾ’ ಎಂಬ ಜಾಗ ಇದೆ. ಅಂದರೆ ಶಾಪದ ಬಾಯಿ. ನಮ್ಮ ಕಡೆ ಅರಳಿಕಟ್ಟೆ ಇದ್ದ ಹಾಗೆ. ವಯಸ್ಸಾದ ಗಂಡಸರು ಕಾಫಿ ಅಂಗಡಿಗಳ ಮುಂದೆ ಸೇರಿ ಊರ ರಾಜಕಾರಣವನ್ನೆಲ್ಲ ಬೈಯುವ ಜಾಗ. ಪಾದಚಾರಿ ಬೀದಿ ಆಗುವುದಕ್ಕೆ ಮೊದಲೇ ಈ ಹರಟೆಕಟ್ಟೆ ಇತ್ತು. ವಾಹನ ಹೋದ ಮೇಲೆ ಅದಕ್ಕೆ ಅಂಗಳ ಸಿಕ್ಕಿತು.

1980ರ ದಶಕ ಬರುವ ಹೊತ್ತಿಗೆ ಬ್ರೆಜಿಲ್‌ನ ಸೇನಾ ಆಡಳಿತ ಸಡಿಲವಾಗುತ್ತಿತ್ತು. ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕು ಎಂಬ ಚಳವಳಿ ಹುಟ್ಟಿತು. ‘ದಿರೆತಾಸ್ ಜಾ’ ಎಂಬುದು ಅದರ ಘೋಷಣೆ. ನೇರ ಚುನಾವಣೆ, ಈಗಲೇ! 1984ರ ಜನವರಿ 12ರಂದು ಆ ಚಳವಳಿಯ ಮೊದಲ ದೊಡ್ಡ ಸಭೆಗಳಲ್ಲಿ ಒಂದು ನಡೆದದ್ದು ಇದೇ ಬೋಕಾ ಮಾಲ್ಡಿಟಾದಲ್ಲಿ. ಹತ್ತಾರು ಸಾವಿರ ಜನ ಸೇರಿದರು. ಸಾವ್ ಪಾವ್ಲೊದಲ್ಲಿ ಲಕ್ಷಗಟ್ಟಲೆ ಜನ ಸೇರಿದ ಪ್ರಸಿದ್ಧ ಸಭೆ ನಡೆದದ್ದು ಅದಾಗಿ ಹದಿಮೂರು ದಿನಕ್ಕೆ, ಜನವರಿ 25ರಂದು.

ಯಾರನ್ನೂ ಕೇಳದೆ ಒಂದು ಆಡಳಿತ ಬೀದಿಯನ್ನು ಜನರಿಗೆ ಬಿಟ್ಟುಕೊಟ್ಟಿತು, ಹನ್ನೆರಡು ವರ್ಷವಾಗುವುದರೊಳಗೆ ಜನ ಅದೇ ಕಲ್ಲುಹಾಸಿನ ಮೇಲೆ ನಿಂತು ನಮ್ಮನ್ನು ಕೇಳಿ ಎಂದರು. ಕಾರು ಓಡಾಡುವ ರಸ್ತೆಯಲ್ಲೂ ಸಭೆ ಮಾಡಬಹುದು, ನಿಜ. ಆದರೆ ಅದಕ್ಕೆ ಪರವಾನಗಿ ಬೇಕು, ಸಂಚಾರ ತಡೆದಿರಿ ಎಂಬ ಕೇಸು ಬೀಳುತ್ತದೆ. ದಿನಾ ನಿಂತು ಮಾತಾಡಿ ರೂಢಿಯಾದ ಜಾಗದಲ್ಲಿ ಜನರನ್ನು ಚದುರಿಸುವುದು ಅಷ್ಟು ಸಲೀಸಲ್ಲ. ಲರ್ನರ್ ಅವರು ಇಂಥದ್ದನ್ನು ನೆನೆದು ಬೀದಿ ಮಾಡಿರಲಿಲ್ಲ. ಅವರನ್ನು ನೇಮಿಸಿದವರಂತೂ ನೆನೆದಿರಲು ಸಾಧ್ಯವೇ ಇಲ್ಲ.

ಆ ಹೋರಾಟ ಅಂದೇ ಗೆಲ್ಲಲಿಲ್ಲ. 1984ರ ಏಪ್ರಿಲ್ 25ರಂದು ತಿದ್ದುಪಡಿ ಸಂಸತ್ತಿನಲ್ಲಿ ಮತಕ್ಕೆ ಬಂತು. 320 ಮತ ಬೇಕಿತ್ತು, 298 ಬಿದ್ದವು. ಆದರೆ ಮರುವರ್ಷ ಸೇನಾ ಆಡಳಿತ ಮುಗಿಯಿತು. ರಾಜಧಾನಿ ನಗರಗಳಿಗೆ ಮತ್ತೆ ಮೇಯರ್ ಚುನಾವಣೆ ಬಂತು. ತಾರೀಖು 1985ರ ನವೆಂಬರ್ 15. ಹೂಗಳ ಬೀದಿಯ ಬೋರ್ಡಿನಲ್ಲಿ ಇದ್ದದ್ದೂ ಅದೇ ದಿನ, ಅದೇ ತಿಂಗಳು.

ಆ ಚುನಾವಣೆಗೆ ಕುರಿಟಿಬಾದಲ್ಲಿ ನಿಂತವರಲ್ಲಿ ಲರ್ನರ್ ಕೂಡ ಒಬ್ಬರು. ಅಷ್ಟರಲ್ಲಿ ಎರಡು ಅವಧಿಗೆ ನೇಮಕದ ಮೇಯರ್ ಆಗಿದ್ದರು. ಹೂಗಳ ಬೀದಿ, 1974ರಲ್ಲಿ ಶುರುವಾದ ಬಸ್ಸುಗಳ ಪ್ರತ್ಯೇಕ ಪಥ, ಉದ್ಯಾನಗಳು, ಎಲ್ಲದರ ಹೆಸರೂ ಅವರಿಗೇ ಇತ್ತು. ಜನ ಮೊದಲ ಸಲ ಕೇಳಿಸಿಕೊಂಡಾಗ ಅವರನ್ನು ಸೋಲಿಸಿದರು! ಗೆದ್ದವರು ಸೇನಾ ಆಡಳಿತವನ್ನು ವಿರೋಧಿಸಿದ್ದ ಪಕ್ಷದ ರೊಬೆರ್ತೊ ರೆಕಿಯಾವ್. ಆದರೆ ಮೇಯರ್ ಬದಲಾದರೂ ಬೀದಿಗೆ ಕಾರು ವಾಪಸ್ ಬರಲಿಲ್ಲ. 1988ರಲ್ಲಿ ಲರ್ನರ್ ಮತದಾನಕ್ಕೆ ಹನ್ನೆರಡು ದಿನ ಇದ್ದಾಗ ಕಣಕ್ಕಿಳಿದು ಗೆದ್ದರು. ಮೂರನೇ ಸಲ ಮೇಯರ್ ಆದರು, ಆದರೆ ಈ ಸಲ ಜನರ ಮತದಿಂದ. ಮುಂದೆ ಪರಾನಾ ರಾಜ್ಯಕ್ಕೆ ಎರಡು ಅವಧಿ ಗವರ್ನರ್ ಆದರು. 2021ರಲ್ಲಿ ತೀರಿಕೊಂಡರು.

ಹೂಗಳ ಬೀದಿ ಒಳ್ಳೆಯದು ಎಂಬುದನ್ನೂ ತಮ್ಮನ್ನು ಕೇಳದೆ ಮಾಡಿದ್ದು ಸರಿಯಲ್ಲ ಎಂಬುದನ್ನೂ ಆ ಊರಿನವರು ಒಟ್ಟಿಗೇ ಹೇಳಿದರು ಎಂದು ನಮಗೆ ಅನ್ನಿಸುತ್ತದೆ. ಬೀದಿಯನ್ನು ಇಟ್ಟುಕೊಂಡರು, ನೇಮಕದ ಪದ್ಧತಿಯನ್ನು ಬಿಟ್ಟರು.

ನಂತರ ಬಂದ ನಗರಗಳು ಈ ಎರಡನ್ನೂ ಜೋಡಿಸಲು ನೋಡಿವೆ. ನ್ಯೂಯಾರ್ಕ್ ನಗರ 2009ರ ಮೇ ಕೊನೆಯ ವಾರಾಂತ್ಯದಲ್ಲಿ ಟೈಮ್ಸ್ ಸ್ಕ್ವೇರ್ ಬಳಿ ಬ್ರಾಡ್‌ವೇ ರಸ್ತೆಯ ಕೆಲವು ಬ್ಲಾಕುಗಳಲ್ಲಿ ಕಾರು ನಿಲ್ಲಿಸಿತು. ಸಾರಿಗೆ ಆಯುಕ್ತೆ ಜನೆಟ್ ಸಾದಿಕ್ ಖಾನ್ ನೆಲ ಅಗೆಯಲಿಲ್ಲ, ಕಲ್ಲು ಹಾಸಲಿಲ್ಲ. ಡ್ರಮ್ಮುಗಳನ್ನು ಅಡ್ಡ ಇಟ್ಟು, ಹಾರ್ಡ್‌ವೇರ್ ಅಂಗಡಿಯಿಂದ ತಂದ ಮಡಚುವ ಕುರ್ಚಿಗಳನ್ನು ಹಾಕಿಸಿದರು, ಅಷ್ಟೇ. ಬೇಡ ಎನಿಸಿದರೆ ಒಂದೇ ದಿನದಲ್ಲಿ ತೆಗೆದುಬಿಡಬಹುದಿತ್ತು. ಸುಮಾರು ಎಂಟು ತಿಂಗಳು ಅಳೆದು, ಲೆಕ್ಕವನ್ನು ಸಾರ್ವಜನಿಕರ ಮುಂದಿಟ್ಟರು. ಪಾದಚಾರಿಗಳಿಗೆ ಆಗುವ ಗಾಯಗಳು ಶೇ 35ರಷ್ಟು ಇಳಿದಿದ್ದವು. ಟ್ಯಾಕ್ಸಿಗಳ ಜಿಪಿಎಸ್ ಪ್ರಕಾರ ಆ ಭಾಗದಲ್ಲಿ ಉತ್ತರಕ್ಕೆ ಹೋಗುವ ವಾಹನಗಳ ವೇಗ ಶೇ 17ರಷ್ಟು ಹೆಚ್ಚಿತ್ತು, ದಕ್ಷಿಣಕ್ಕೆ ಹೋಗುವವುಗಳದ್ದು ಶೇ 2ರಷ್ಟು ತಗ್ಗಿತ್ತು. ತಗ್ಗಿದ್ದನ್ನೂ ಮುಚ್ಚಿಡಲಿಲ್ಲ. 2010ರ ಫೆಬ್ರುವರಿಯಲ್ಲಿ ಕಾಯಂ ಎಂದು ಘೋಷಿಸಿದರು. ನಮ್ಮ ರಾಜ್ಯದಲ್ಲೂ 2020ರ ನವೆಂಬರ್‌ನಿಂದ ಕೆಲವು ತಿಂಗಳು ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ವಾರಾಂತ್ಯ ವಾಹನ ನಿಲ್ಲಿಸಿ, ಗಾಳಿಯ ಗುಣಮಟ್ಟ ಅಳೆದು ನೋಡಿದರು. ಆಮೇಲೆ ವಾಹನಗಳು ಮರಳಿದವು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಪೇಟೆಬೀದಿಯ ವರದಿಯನ್ನು ಮತ್ತೆ ತೆಗೆದು ನೋಡಿದೆವು. ‘ವರ್ತಕರ ವಿರೋಧ’ ಎಂದು ಬರೆದದ್ದು ಸುಳ್ಳಲ್ಲ. ಆದರೆ ವರ್ತಕರಿಗೆ ಸಂಘ ಇದೆ, ಲೆಟರ್‌ಹೆಡ್ ಇದೆ, ಅಧ್ಯಕ್ಷರ ಫೋನ್ ನಂಬರ್ ನಮ್ಮ ಹತ್ತಿರ ಇದೆ. ಬಸ್ ಇಳಿದು ನಡೆದು ಬರುವ ಹಳ್ಳಿಯವರಿಗೆ, ಶಾಲೆ ಬಿಟ್ಟ ಮಕ್ಕಳಿಗೆ, ಹೂವಿನ ಬುಟ್ಟಿ, ತಳ್ಳುಗಾಡಿಯವರಿಗೆ ಅದ್ಯಾವುದೂ ಇಲ್ಲ. ಹಾಗೆಂದು ವರ್ತಕರ ಭಯವನ್ನು ತಮಾಷೆ ಮಾಡುವ ಹಾಗೂ ಇಲ್ಲ. ಬಾಡಿಗೆ, ಸಾಲ ಇರುವವರು ಒಂದು ಹಬ್ಬದ ಸೀಸನ್ ಹೋದರೂ ಮೇಲೇಳುವುದು ಕಷ್ಟ.

ಕೇಳುವುದಕ್ಕೆ ನಮ್ಮಲ್ಲಿ ಕಾನೂನೇ ಇದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪ್ರತಿ ಊರಿನಲ್ಲೂ ಪಟ್ಟಣ ಮಾರಾಟ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ಬೀದಿಗೆ ಗಿಡ, ಬೆಂಚು ಬರುವ ಮೊದಲು ಆ ಸಮಿತಿಯ ಸಭೆ ಆಗಬೇಕಲ್ಲವೇ? ಹೂಗಳ ಬೀದಿ ಮಾಡಲು ಹೋಗಿ ಹೂ ಮಾರುವವರನ್ನೇ ಎಬ್ಬಿಸಿದರೆ ಅದಕ್ಕೆ ಏನು ಹೆಸರಿಡೋಣ?

ಮುಂದಿನ ಸಾಮಾನ್ಯ ಸಭೆ ಈ ತಿಂಗಳ ಕೊನೆಯಲ್ಲಿದೆ. ಅದಕ್ಕೆ ಮೊದಲು ಒಂದು ವಾರದ ದಿನ, ಒಂದು ಸಂತೆಯ ದಿನ ಪೇಟೆಬೀದಿಯಲ್ಲಿ ನೋಟ್‌ಬುಕ್ ಹಿಡಿದು ನಿಲ್ಲುವುದು ಎಂದು ನಾವು ತೀರ್ಮಾನಿಸಿದ್ದೇವೆ. ಎಷ್ಟು ಜನ ಬೈಕಿನಲ್ಲಿ ಬರುತ್ತಾರೆ, ಎಷ್ಟು ಜನ ನಡೆದು ಬರುತ್ತಾರೆ, ಎಷ್ಟು ಜನ ಎಲ್ಲಿ ಕೂತು ಮಾರುತ್ತಾರೆ ಎಂದು ಬರೆದುಕೊಳ್ಳುವುದು. ಸಭೆಯಲ್ಲಿ ಪ್ರಯೋಗವಾಗಿ ನಾಲ್ಕು ಭಾನುವಾರ ನೋಡಬಹುದೇ, ಮಾರಾಟ ಸಮಿತಿ ಕರೆದಿದ್ದೀರಾ ಎಂಬ ಎರಡು ಪ್ರಶ್ನೆ ಕೇಳುವುದು. ಹೂವಿನ ಅಮ್ಮನಿಗೆ ಈ ಸಲ ವರದಿ ಕಳಿಸುವ ಮೊದಲೇ ಬಂದು ಮಾತಾಡಿಸುತ್ತೇವೆ ಎಂದು ಹೇಳಿದ್ದೇವೆ. “ಬಾ, ಆದರೆ ಬೆಳಿಗ್ಗೆ ಹತ್ತರ ಮೇಲೆ ಬಾ, ಅದಕ್ಕೆ ಮೊದಲು ವ್ಯಾಪಾರದ ಹೊತ್ತು” ಅಂದಿದ್ದಾರೆ.